ನೀರಿನ ಸೀಟಿ

ಕಾರವಾರದಿಂದ ಅಂಕೋಲೆಗೆ ಹೋಗುವ ಬೆಳಗಿನ ಬಸ್ಸಿನಲ್ಲಿ ನನಗೀಗ ನಿದ್ದೆ ಬರುತ್ತಿದೆ. ಇದು ನನಗೆ ಒಗ್ಗುತ್ತಿಲ್ಲ. ಈಚಿನ ವರ್ಷಗಳಲ್ಲಿ ಆ ಬಸ್ಸಿನಲ್ಲಿ ನನಗೆ ಕಣ್ಣು ಮುಚ್ಚಲು ಬಿಡದವರೊಬ್ಬರು ನನ್ನ ಹಿಂದಿನ ಸಾಲಿನಲ್ಲೇ ಕೂರುತ್ತಿದ್ದರು. ಕೂರುತ್ತಿದ್ದರು ಎನ್ನುವುದೂ ಪೂರ್ತಿ ನಿಜವಲ್ಲ. ಕೂತಲ್ಲೇ ಓಡುತ್ತಿದ್ದರು. ಅವರ ಬಲಗೈ ನನ್ನ ಬೆನ್ನ ಹಿಂದಿನ ಕಂಬಿಯ ಮೇಲೆ ಡಬ್ಬ ಡಬ್ಬ ಎಂದು ಬಡಿಯುತ್ತಲೇ ಇರುತ್ತಿತ್ತು. ಬಸ್ಸು ಸುರಂಗದೊಳಗೆ ನುಗ್ಗಿದರೆ ಆ ಸದ್ದು ಇನ್ನೂ ಜೋರು. ಬಿಣಗಾ, ಅರ್ಗಾ ದಾಟುವವರೆಗೆ ಹಲ್ಲು ಕಚ್ಚಿ ಸಹಿಸಿಕೊಂಡು ಅಮದಳ್ಳಿ ಬರುವಾಗ ನಾನು ತಿರುಗುತ್ತಿದ್ದೆ.

"ಮಾಸ್ತರೇ, ಕೈಗೆ ಸ್ವಲ್ಪ ರಜೆ ಕೊಡಿ."

"ಕೊಟ್ಟೆ ಅಕ್ಕೋರೆ, ಕೊಟ್ಟೆ."

ಕೈ ತೆಗೆಯುತ್ತಿದ್ದರು. ಅರೆಗಳಿಗೆಯಲ್ಲಿ ಅದೇ ಸದ್ದು ಅವರ ಮೊಣಕಾಲಿನ ಮೇಲೆ ಶುರುವಾಗುತ್ತಿತ್ತು.

ಅವರು ನಮ್ಮ ಹೈಸ್ಕೂಲಿನ ಪಿ.ಟಿ. ಮಾಸ್ತರು. ನಾನು ಅಲ್ಲಿ ಗಣಿತ ಕಲಿಸುತ್ತೇನೆ. ಅವರು ಶಿರವಾಡದವರು, ನಾನು ಕಾರವಾರ ಪೇಟೆಯವಳು. ಅಂಕೋಲೆಯ ಶಾಲೆಗೆ ದಿನಾ ಒಂದೇ ಬಸ್ಸು. ನವರಾತ್ರಿ ಮುಗಿದ ವಾರ, ಬೆಳಿಗ್ಗೆ ಬೂಟಿನ ಲೇಸು ಕಟ್ಟುತ್ತ ಬಾಗಿದವರು ಹಾಗೇ ಮುಂದಕ್ಕೆ ಬಿದ್ದರಂತೆ. ಎದೆನೋವು ಎಂದು ಹೇಳುವಷ್ಟೂ ಪುರುಸೊತ್ತು ಇರಲಿಲ್ಲ. ನನಗೆ ದುಃಖಕ್ಕಿಂತ ಮೊದಲು ಬಂದದ್ದು ಸಿಟ್ಟು. ಸಾಯುವುದರಲ್ಲೂ ಇಷ್ಟು ಅವಸರವೇ ಮಹರಾಯರೇ, ಮಗಳಿಗೆ ಇನ್ನೂ ಪಿ.ಯು. ಮುಗಿದಿಲ್ಲವಲ್ಲ ಎಂದು ಆ ದಿನವೆಲ್ಲ ಮನಸ್ಸಿನಲ್ಲೇ ಜಗಳವಾಡಿದೆ. ಇನ್ನೂ ಮುಗಿದಿಲ್ಲ ಆ ಜಗಳ.

ಸಪೂರ ಆಳು, ಕೊಕ್ಕರೆಯ ಹಾಗೆ ಉದ್ದ ಕಾಲು. ಬಿಳಿ ಕ್ಯಾನ್ವಾಸ್ ಬೂಟು, ಕುತ್ತಿಗೆಯಲ್ಲಿ ಸೀಟಿ. ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿ ಹೊಸದಾಗಿಯೇ ಉಳಿದಿತ್ತು. ಊಟವನ್ನೂ ಕಿಟಕಿಯ ಹತ್ತಿರ ನಿಂತೇ ಮಾಡುತ್ತಿದ್ದರು. ಮೈದಾನದ ಆಚೆ ಹೆಣ್ಣುಮಕ್ಕಳು ಡಬ್ಬಿ ಬಿಚ್ಚುವ ಜಾಗ ಆ ಕಿಟಕಿಯಿಂದ ಕಾಣುತ್ತದೆ. ಅವರ ಮಗಳು ಎಂಟನೆಯ ಕ್ಲಾಸಿಗೆ ನಮ್ಮಲ್ಲಿಗೇ ಬಂದಿದ್ದಳು. ಕಾರವಾರದಲ್ಲಿ ಶಾಲೆಗಳಿಗೆ ಬರವಿಲ್ಲ. ಆದರೆ ಅವರಿಗೆ ಅವಳು ಕಣ್ಣಳತೆಯಲ್ಲಿ ಇರಬೇಕಿತ್ತು. ಊಟಕ್ಕೆ ಮೊದಲು ಅವಳು ಗುಳಿಗೆ ನುಂಗಿದ್ದು ಕಂಡ ಮೇಲೆಯೇ ಅವರ ಬಾಯಿಗೆ ತುತ್ತು ಹೋಗುತ್ತಿತ್ತು.

ಆ ಮಗುವಿಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆ. ಹುಟ್ಟುವಾಗಲೇ ಬಂದದ್ದು, ಸಾಯುವವರೆಗೂ ಇರುವಂಥದ್ದು. ಆ ಹೆಸರನ್ನು ನಾನು ಮೊದಲು ಕೇಳಿದ್ದು ಅವರಿಂದಲೇ. ಮೈಯೊಳಗಿನ ರಸಗಳೆಲ್ಲ ಅಂಟಂಟಾಗುತ್ತವೆ. ಎದೆಯಲ್ಲಿ ಕಫ ಅಂಟಿ ಕೂರುತ್ತದೆ, ಜೀರ್ಣರಸ ಹೊಟ್ಟೆಗೆ ಇಳಿಯುವುದಿಲ್ಲ, ಬೆವರಿನಲ್ಲಿ ಮಾತ್ರ ಉಪ್ಪು ಸುರಿದು ಹೋಗುತ್ತದೆ. ಇದು ಗೊತ್ತಾಗುವ ಮೊದಲು ಊರವರೆಲ್ಲ ಡಾಕ್ಟರುಗಳಾಗಿದ್ದರು. ಟಿ.ಬಿ. ಎಂದವರುಂಟು, ಹೊಟ್ಟೆಹುಳ ಎಂದವರುಂಟು, ದೃಷ್ಟಿ ತೆಗೆದವರಿಗಂತೂ ಲೆಕ್ಕವಿಲ್ಲ. ಕೂಸಿಗೆ ಮುತ್ತು ಕೊಟ್ಟರೆ ತುಟಿಯೆಲ್ಲ ಉಪ್ಪು ಎಂದು ಮೊದಲು ಹೇಳಿದ್ದು ಅವರ ಹೆಂಡತಿ. "ಸಮುದ್ರದ ಬದಿಯ ಕೂಸು, ಉಪ್ಪಿರದೆ ಸಕ್ಕರೆ ಇರ್ತದಾ?" ಎಂದು ಎಲ್ಲರೂ ನಕ್ಕರಂತೆ. ಕೊನೆಗೆ ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಯಲ್ಲಿ ಬೆವರಿನ ಪರೀಕ್ಷೆಯಾಗಿ, ಆ ತಾಯಿಯ ತುಟಿಗೆ ಗೊತ್ತಾದದ್ದೇ ನಿಜವೆಂದಾಯಿತು.

ಅವಳು ಎಂಟನೆಯ ಕ್ಲಾಸಿಗೆ ಬಂದ ತಿಂಗಳೇ ನಮ್ಮ ಶಾಲೆಯಲ್ಲಿ ನೀರಿನ ಸೀಟಿ ಶುರುವಾಯಿತು. ಪಾಠದ ನಡುವೆ, ಬೆಲ್ಲಿಗೂ ಟೈಮ್‌ಟೇಬಲ್ಲಿಗೂ ಸಂಬಂಧವಿಲ್ಲದ ಹೊತ್ತಿನಲ್ಲಿ, ಮೈದಾನದಿಂದ ಒಂದು ಉದ್ದ ಸೀಟಿ. ಅದು ಕೇಳಿದ ಕೂಡಲೇ ಇಡೀ ಶಾಲೆ ಬಾಟ್ಲಿ ತೆಗೆದು ನೀರು ಕುಡಿಯಬೇಕು. ಸೆಕೆಗಾಲದಲ್ಲಿ ಅಡುಗೆಯವರಿಂದ ಒಂದು ದೊಡ್ಡ ಪಾತ್ರೆಯಲ್ಲಿ ಲಿಂಬು, ಉಪ್ಪು, ಸಕ್ಕರೆ ಹಾಕಿಸಿ ಇಡಿಸಿದ್ದರು. ನಾನು ಹಲಗೆಯ ಮೇಲೆ ಪ್ರಮೇಯದ ನಡುಮಧ್ಯದಲ್ಲಿ ಇರುತ್ತಿದ್ದೆ. ಎರಡು ಕೋನ ಸಮ ಎಂದು ಸಿದ್ಧವಾಗುವಷ್ಟರಲ್ಲಿ ಗಟಗಟ ಸದ್ದು. ಅದರ ಹಿಂದೆಯೇ ಎತ್ತಿದ ಕಿರುಬೆರಳುಗಳು. ಅರ್ಧ ಕ್ಲಾಸು ಹೊರಗೆ.

ಸ್ಟಾಫ್ ರೂಮಿನಲ್ಲಿ ಎಲ್ಲರೆದುರೇ ಕೇಳಿದೆ. "ಕುಡಿಯಬೇಕಾದವಳು ಒಬ್ಬಳು. ಉಳಿದವರಿಗೆ ಯಾಕೆ ಈ ಶಿಕ್ಷೆ?"

"ಒಬ್ಬಳೇ ಕುಡಿದ್ರೆ ಅದು ಔಷಧಿ ಅಕ್ಕೋರೆ. ಎಲ್ಲರೂ ಕುಡಿದ್ರೆ ನೀರು." ಅವರು ನಗುತ್ತ ಹೇಳಿದ್ದರು. ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು. "ನಿಮ್ಮ ಪ್ರಮೇಯ ಎಲ್ಲಿಗೂ ಓಡಿ ಹೋಗೂದಿಲ್ಲ. ಮೈಯಲ್ಲಿದ್ದ ನೀರು ಓಡ್ತದೆ."

ಉಪ್ಪು ತಿಂದವನು ನೀರು ಕುಡಿಯಬೇಕು ಎಂಬ ಗಾದೆಯನ್ನು ನಾವೆಲ್ಲ ಯಾರನ್ನೋ ಚುಚ್ಚಲು ಹೇಳುತ್ತೇವೆ. ಅವರ ಮನೆಯಲ್ಲಿ ಅದು ಡಾಕ್ಟರ ಚೀಟಿ.

ಕೈ ಬಡಿಯುವ ವಿಷಯಕ್ಕೆ ಬರುತ್ತೇನೆ. ಮಗಳ ಎದೆಯ ಕಫ ಸಡಿಲಾಗಬೇಕೆಂದರೆ ಅಂಗೈಯನ್ನು ಬಟ್ಟಲಿನಂತೆ ಗುಳಿ ಮಾಡಿ ಬೆನ್ನು, ಪಕ್ಕೆ, ಎದೆ ತಟ್ಟಬೇಕು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಕೂಸಿದ್ದಾಗಿನಿಂದ. ಜ್ವರವಿರಲಿ, ಹಬ್ಬವಿರಲಿ, ಕ್ರೀಡಾಕೂಟ ಮುಗಿಸಿ ತಡವಾಗಿ ಮನೆ ಸೇರಿದ ದಿನವಿರಲಿ. ಅವಳು ಒಂಬತ್ತನೆಯ ಕ್ಲಾಸಿಗೆ ಬಂದಾಗ ಡಾಕ್ಟರು ಹೇಳಿದರು, ಹುಡುಗಿ ದೊಡ್ಡವಳಾದಳು, ತನ್ನ ಎದೆಯನ್ನು ತಾನೇ ಖಾಲಿ ಮಾಡಿಕೊಳ್ಳಲು ಕಲಿಯಲಿ. ನೀರು ತುಂಬಿದ ಬಾಟ್ಲಿಗೆ ನಳಿಗೆ ಇಟ್ಟು ಗುಳುಗುಳು ಊದುವುದು, ಉಸಿರು ಹಿಡಿದು ಹಾ ಎಂದು ಜೋರಾಗಿ ಬಿಡುವುದು, ಎಲ್ಲ ಕಲಿಸಿದರು. ಅವಳು ಕಲಿತಳು. ಒಂದು ಬೆಳಿಗ್ಗೆ ಇವರು ಕೈ ಗುಳಿ ಮಾಡಿಕೊಂಡು ಹೋದರೆ ಕೋಣೆಯ ಬಾಗಿಲು ಮುಚ್ಚಿತ್ತಂತೆ. ಒಳಗಿನಿಂದ ಗುಳುಗುಳು ಸದ್ದು. "ಬಾಬಾ, ನಾನೇ ಮಾಡ್ಕಂತೆ" ಎಂದಳಂತೆ. ಅಪ್ಪನನ್ನು ಅವಳು ಬಾಬಾ ಎನ್ನುತ್ತಿದ್ದಳು.

ಬಸ್ಸಿನ ಕಂಬಿ ಬಡಿಯುವುದು ಶುರುವಾದದ್ದು ಆ ಬೆಳಗಿನಿಂದ. ನನಗೆ ಇದು ತಿಳಿದದ್ದು ತಡವಾಗಿ. ನಾನು ಎಂದಿನಂತೆ ಗೊಣಗಿದಾಗ ಅವರು ಗುಳಿ ಮಾಡಿದ ಅಂಗೈಯನ್ನು ನನ್ನ ಮುಂದೆ ಚಾಚಿದರು. "ಇದ್ಕೆ ಇಷ್ಟು ವರ್ಷ ಒಂದೇ ಕೆಲ್ಸ ಇತ್ತು. ಈಗ ಆ ಕೆಲ್ಸ ಹೋತು. ಎಂತ ಮಾಡ್ಲಿ ಹೇಳಿ, ಕಡಿದು ಇಡ್ಲಾ?" ಅದಾದ ಮೇಲೂ ಅಮದಳ್ಳಿ ಬರುವಾಗ ನಾನು ಗೊಣಗುತ್ತಿದ್ದೆ. ಗೊಣಗದಿದ್ದರೆ ಅವರಿಗೆ ನನ್ನ ಕರುಣೆ ಗೊತ್ತಾಗಿಬಿಡುತ್ತಿತ್ತು.

ಅವಳು ಒಂಬತ್ತಕ್ಕೆ ಹೋಗುವ ಮೊದಲು, ಎಂಟರ ಕೊನೆಯಲ್ಲಿ ನಡೆದದ್ದು ಇನ್ನೊಂದು. ಅದು ನಮ್ಮ ಕಡೆಯ ಮನೆಗಳಲ್ಲಷ್ಟೇ ಆಗುವ ತಪ್ಪು. ತಪ್ಪು ಮಾಡಿದವರೆಲ್ಲ ಅವಳನ್ನು ಜೀವಕ್ಕಿಂತ ಹೆಚ್ಚು ಪ್ರೀತಿಸುವವರೇ.

ಚಳಿಗಾಲ ಮುಗಿಯುವಾಗ ಮಗಳ ಎದೆ ಕೆಟ್ಟಿತು. ದೊಡ್ಡ ಆಸ್ಪತ್ರೆಯಲ್ಲಿ ಮಲಗಿಸಿ ಬಲವಾದ ಇಂಜೆಕ್ಷನ್ ಕೊಟ್ಟರು. ಆ ಇಂಜೆಕ್ಷನ್ ಕಿಡ್ನಿಯನ್ನು ಕೆಣಕಬಹುದು ಎಂದು ನಡುನಡುವೆ ರಕ್ತ ನೋಡುತ್ತಿದ್ದರು. ಒಮ್ಮೆ ನೋಡಿದಾಗ ಕಿಡ್ನಿಯ ಅಂಕಿ ಸ್ವಲ್ಪ ಮೇಲೇರಿತ್ತು. ಡಾಕ್ಟರು ಇಂಜೆಕ್ಷನ್ ಬದಲಿಸಿದರು. ಎದೆ ತಿಳಿಯಾದ ಮೇಲೆ ಮನೆಗೆ ಕಳಿಸುವಾಗ, ನೀರು ಚೆನ್ನಾಗಿ ಕುಡಿಸಿ, ಉಪ್ಪು ಎಂದಿನಂತೆ ಇರಲಿ, ನೋವಿನ ಗುಳಿಗೆ ಕೇಳದೆ ಕೊಡಬೇಡಿ, ಮತ್ತೆ ಬಂದು ರಕ್ತ ತೋರಿಸಿ ಎಂದರು. ಇಷ್ಟರಲ್ಲಿ ಮಾಸ್ತರ ತಲೆಯೊಳಗೆ ಇಳಿದದ್ದು ಕಿಡ್ನಿ ಎಂಬುದೊಂದೇ.

ಅವರಿಗೊಬ್ಬ ಅಕ್ಕ, ಕಿನ್ನರದಲ್ಲಿ. ಮಗಳಿಗೆ ಸೋದರತ್ತೆ. ಆ ಅಕ್ಕನ ಗಂಡ ಕಿಡ್ನಿ ಹೋಗಿಯೇ ತೀರಿಕೊಂಡವರು. ವರ್ಷಗಟ್ಟಲೆ ಅವರಿಗೆ ಸಪ್ಪೆ ಬೇಯಿಸಿ, ಸಣ್ಣ ಲೋಟದಲ್ಲಿ ನೀರು ಅಳೆದು ಕೊಟ್ಟ ಹೆಂಗಸು. ತಮ್ಮನ ಮಗಳಿಗೆ ಕಿಡ್ನಿಯಂತೆ ಎಂದು ಕೇಳಿದ್ದೇ ಸೀರೆಯ ಗಂಟು ಕಟ್ಟಿಕೊಂಡು ಶಿರವಾಡಕ್ಕೆ ಬಂದರು. ಬಂದವರು ಮೊದಲು ಮಾಡಿದ ಕೆಲಸ ಉಪ್ಪಿನ ಭರಣಿಯನ್ನು ಅಟ್ಟಕ್ಕೆ ಏರಿಸಿದ್ದು.

"ಕಿಡ್ನಿ ಅಂದ್ರೆ ನಂಗೆ ಯಾರೂ ಹೇಳೂದು ಬ್ಯಾಡ. ಸಪ್ಪೆ ಬೇಯ್ಸಿ ಬೇಯ್ಸಿ ಹಣ್ಣಾದ ಕೈ ಇದು" ಎಂದರಂತೆ.

ಮಾಸ್ತರ ಹೆಂಡತಿ, ಡಾಕ್ಟರು ಹಾಗೆ ಹೇಳಲಿಲ್ಲವಲ್ಲ ಎಂದು ತಡೆದು ನೋಡಿದರು. ಆದರೆ ಭಾವ ನರಳಿದ್ದನ್ನು ಕಣ್ಣಾರೆ ಕಂಡ ಮಾಸ್ತರು ಅಕ್ಕನ ಪರ ನಿಂತರು. ಬಂಗಡೆ ಸಾರು ಸಪ್ಪೆ, ಗಂಜಿ ಸಪ್ಪೆ, ಮಾವಿನಮಿಡಿಯ ಉಪ್ಪಿನಕಾಯಿ ಕಪಾಟಿನೊಳಗೆ. ನೀರಿಗೂ ಅಳತೆ. ನೀರಿನ ಸೀಟಿ ಊದುವ ಮನುಷ್ಯ ಆ ದಿನಗಳಲ್ಲಿ ಮಗಳ ಬಾಟ್ಲಿಯನ್ನು ಅರ್ಧ ತುಂಬಿಸಿ ಕಳಿಸುತ್ತಿದ್ದರು. ಹೆದರಿಕೆ ಹಾಗೆ. ಗೊತ್ತಿದ್ದದ್ದನ್ನೆಲ್ಲ ತೊಳೆದುಬಿಡುತ್ತದೆ.

ಹೋಳಿ ಕಳೆದಿತ್ತು. ನಮ್ಮ ಸೆಕೆ ಗೊತ್ತಲ್ಲ, ಕೂತಲ್ಲೇ ಬೆನ್ನು ಒದ್ದೆ. ಹುಡುಗಿ ದಿನದಿಂದ ದಿನಕ್ಕೆ ಬಾಡಿದಳು. ವಾಂತಿ ಶುರುವಾಯಿತು. ನೋಡಿ, ಕಿಡ್ನಿಯೇ ಎಂದು ಮನೆಯಲ್ಲಿ ಇನ್ನೂ ಬಿಗಿ ಮಾಡಿದರು. ಪರೀಕ್ಷೆಯ ದಿನ, ಬಸ್ಸು ಅಂಕೋಲೆಯ ಸ್ಟ್ಯಾಂಡಿಗೆ ಬಂದಾಗ ಅವಳು ಎದ್ದಳು, ಮತ್ತೆ ಕೂತಳು. "ಬಾಬಾ, ಕಾಲು ಬತ್ತಿಲ್ಲ" ಎಂದಳು. ಅವಳ ಹಣೆಯ ಮೇಲೆ ಬೆವರು ಒಣಗಿ ಬಿಳಿ ಪುಡಿಯಾಗಿತ್ತು. ಮಾಸ್ತರು ಅವಳನ್ನು ಎತ್ತಿಕೊಂಡು ಇಳಿದರು. ಬಾಡಿಗೆ ಕಾರು ಮಾಡಿ, ಅಲ್ಲಿಂದಲೇ ಘಟ್ಟ ಹತ್ತಿದರು. ನಾನು ಅವರ ಚೀಲ ಹಿಡಿದುಕೊಂಡು ಜೊತೆಗೇ ಹೋದೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದರು. ಮನೆಯ ಸಪ್ಪೆ ಊಟದ ಕತೆಯನ್ನೆಲ್ಲ ಕೇಳಿಕೊಂಡ ಡಾಕ್ಟರಮ್ಮ ಅವರನ್ನು ಹೊರಗೆ ಕರೆದು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಮಾಸ್ತರೇ, ನಿಮ್ಮ ಭಾವನ ಕಿಡ್ನಿ ಬೇರೆ, ಈ ಮಗುವಿನದು ಬೇರೆ. ಅವರಿಗೆ ಉಪ್ಪು ಮೈಯಿಂದ ಹೊರಗೆ ಹೋಗ್ತಾ ಇರಲಿಲ್ಲ. ಇವಳಿಗೆ ಒಳಗೆ ನಿಲ್ಲೋದಿಲ್ಲ. ಉಪ್ಪು ಹೋದರೆ ಅದರ ಬೆನ್ನಿಗೇ ನೀರು ಹೋಗುತ್ತೆ. ಮೈ ಒಣಗಿದರೆ ಮೊದಲು ಪೆಟ್ಟು ತಿನ್ನೋದೇ ಕಿಡ್ನಿ. ಅದನ್ನ ಕಾಪಾಡ್ತೀವಿ ಅಂತ ನೀವು ಅದಕ್ಕೇ ಏಟು ಕೊಟ್ಟಿದ್ದೀರಿ."

ಮಾಸ್ತರು ಗೋಡೆಗೆ ಒರಗಿ ನಿಂತರು. ಅವರು ಅಲುಗಾಡದೆ ನಿಂತದ್ದನ್ನು ನಾನು ಅದೇ ಮೊದಲ ಸಲ ನೋಡಿದ್ದು. ಒಳಗೆ ಬಂದ ಮೇಲೆ, ಡ್ರಿಪ್ಪಿನ ಬಾಟ್ಲಿಯಿಂದ ಹನಿ ಬೀಳುವುದನ್ನು ನೋಡುತ್ತ ಮೆಲ್ಲಗೆ ಹೇಳಿದರು. "ಅದ್ರಲ್ಲಿ ಎಂತ ಅದೆ ಅಂತ ನರ್ಸಮ್ಮನ ಹತ್ರ ಕೇಳ್ದೆ ಅಕ್ಕೋರೆ. ಉಪ್ಪು ನೀರು ಅಂದ್ರು. ಮನೇಲಿ ಭರಣಿ ತುಂಬ ಉಪ್ಪು ಅಟ್ಟಕ್ಕೆ ಹಾಕಿ, ಇಲ್ಲಿ ಸೂಜಿಯಲ್ಲಿ ಹಾಕಿಸ್ತಾ ಇದ್ದೆ."

ಮಗಳು ಚೇತರಿಸಿಕೊಂಡಳು. ಅಂಕಿ ನಿಧಾನವಾಗಿ ಇಳಿಯಿತು. ಕಿನ್ನರದ ಅಕ್ಕ ಮಾತ್ರ ಆಸ್ಪತ್ರೆಗೆ ಬರಲಿಲ್ಲ, ಮುಖ ತೋರಿಸುವುದಕ್ಕೆ ಧೈರ್ಯವಾಗದೆ ಊರಿಗೆ ಹೋಗಿ ಕೂತುಬಿಟ್ಟಿದ್ದರು. ಮಾಸ್ತರೇ ಹೋಗಿ ಕರೆತಂದರು. "ನಿಂಗೆ ಬೈದ್ರೆ ನಂಗೂ ಬೈಕಣ್ಬೇಕಾಗ್ತದೆ, ಬಾ" ಎಂದರಂತೆ. ಆಮೇಲೆ ಆಕೆ ಶಿರವಾಡಕ್ಕೆ ಬಂದಾಗಲೆಲ್ಲ ಅಡುಗೆ ಮಾಡುತ್ತಿದ್ದರು, ಆದರೆ ಉಪ್ಪಿನ ಭರಣಿ ಮುಟ್ಟುತ್ತಿರಲಿಲ್ಲ. ಹಾಕಲೂ ಹೆದರಿಕೆ, ಬಿಡಲೂ ಹೆದರಿಕೆ. ಅತ್ತಿಗೆಯ ಈ ಹೆದರಿಕೆ ನೋಡಿ ಮಾಸ್ತರ ಹೆಂಡತಿಯೇ ಬಂದು ಉಪ್ಪು ಹಾಕಿ ಹೋಗುತ್ತಿದ್ದರಂತೆ.

ಅದಾದ ಮೇಲೆ ನಮ್ಮ ಬಸ್ಸು ಒಂದು ಪರೀಕ್ಷಾ ಕೊಠಡಿಯಾಯಿತು. ಅಪ್ಪ ಪ್ರಶ್ನೆ ಎಸೆಯುವುದು, ಕಿಟಕಿಯ ಕಡೆ ಮುಖ ಮಾಡಿ ಮಗಳು ಉತ್ತರ ಕೊಡುವುದು.

"ಹೊಸ ಊರು, ಹೊಸ ಡಾಕ್ಟ್ರು. ನಾ ಇಲ್ಲ. ಕಫಕ್ಕೆ ಇಂಜೆಕ್ಷನ್ ಬರೀತ್ರು. ನೀ ಎಂತ ಹೇಳ್ತೆ?"

"ಮೊದ್ಲು ಕಿಡ್ನಿ ನೋಡಿ, ಆಮೇಲೆ ಕೊಡಿ ಅಂತ ಹೇಳ್ತೆ. ಹಿಂದೆ ಒಂದ್ಸಲ ಪೆಟ್ಟಾಗ್ಯದೆ ಅಂತ ಹೇಳ್ತೆ."

"ತಲೆನೋವು. ಅಂಗಡಿಯವ ಗುಳಿಗೆ ಕೊಡ್ತ."

"ಕೇಳದೆ ತಕಣೂದಿಲ್ಲ."

"ಮೂತ್ರ ಅರಿಶಿನದ ಹಾಂಗೆ ಅದೆ."

"ಬಾಬಾ!" ಎಂದು ಅವಳು ಸುತ್ತ ನೋಡಿ, ಬ್ಯಾಗಿನಲ್ಲಿ ಮುಖ ಹುದುಗಿಸಿ, "ನೀರು ಕಮ್ಮಿ ಆಗ್ಯದೆ, ಉಪ್ಪು ಹಾಕಿ ಕುಡೀತೆ" ಎನ್ನುತ್ತಿದ್ದಳು.

ಅವರ್ಸಾದಲ್ಲಿ ಹತ್ತುವ ಮೀನಿನ ಹೆಂಗಸರು ಬುಟ್ಟಿ ಕಾಲಡಿ ಇಟ್ಟುಕೊಂಡು ಇದನ್ನೆಲ್ಲ ಕೇಳುತ್ತಿದ್ದರು. ಒಂದು ದಿನ ಅವರಲ್ಲೊಬ್ಬಳು, "ಮಾಸ್ತರೇ, ಕೂಸು ಪಾಸು. ಇನ್ನು ಬಿಡಿ ಅದನ್ನ" ಎಂದಾಗ ಬಸ್ಸೆಲ್ಲ ನಕ್ಕಿತು. ಮಾಸ್ತರು ನಗಲಿಲ್ಲ.

"ಕಡೇ ಪ್ರಶ್ನೆ. ನೆಂಟ್ರ ಮನೆ ಊಟ. ಎಲ್ಲಾ ಸಪ್ಪೆ. ಎಂತ ಮಾಡ್ತೆ?"

"ಉಪ್ಪು ಕೇಳ್ತೆ."

"ಹೆಂಗೆ ಕೇಳ್ತೆ?"

ಇದಕ್ಕೆ ಅವಳು ಉತ್ತರ ಕೊಡುತ್ತಿರಲಿಲ್ಲ. ಹೆಣ್ಣುಮಕ್ಕಳು ಪಂಕ್ತಿಯಲ್ಲಿ ಕೂತು ಬಾಯಿಬಿಟ್ಟು ಉಪ್ಪು ಕೇಳಿದರೆ ಅಡುಗೆಯವರಿಗೆ ಅವಮಾನ, ಕೇಳಿದವಳಿಗೆ ಬಾಯಿ ಹೆಚ್ಚು ಎಂಬ ಬಿರುದು. ಇದು ಅವಳಿಗೂ ಗೊತ್ತು, ನನಗೂ ಗೊತ್ತು. "ಜೋರಾಗಿ ಕೇಳ್ಬೇಕು" ಎಂದು ಉತ್ತರವನ್ನು ಅವರೇ ಹೇಳಿಕೊಳ್ಳುತ್ತಿದ್ದರು.

ನಮ್ಮ ಸಹೋದ್ಯೋಗಿಯೊಬ್ಬರು ಅಂಕೋಲೆಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶದ ಊಟ ಹಾಕಿಸಿದರು. ಚಪ್ಪರದ ಕೆಳಗೆ ಒಲೆಯ ಮುಂದೆ ಕೂತಂತಹ ಸೆಕೆ. ನಾವು ಮೂವರೂ ಒಂದೇ ಪಂಕ್ತಿ, ಮಗಳು ನಡುವೆ. ಎಲೆಯ ತುದಿಗೆ ಉಪ್ಪು ಬಡಿಸುವವರು ಅದೇನೋ ಗಡಿಬಿಡಿಯಲ್ಲಿ ನಮ್ಮ ಸಾಲು ಬಿಟ್ಟು ಮುಂದೆ ಹೋದರು. ಸಾರು ಸಪ್ಪೆ, ಕೋಸಂಬರಿ ಸಪ್ಪೆ. ಅವಳು ಎಲೆ ನೋಡಿದಳು, ಬಡಿಸುವವರ ಬೆನ್ನು ನೋಡಿದಳು, ಮತ್ತೆ ಎಲೆ ನೋಡಿದಳು. ಮಾಸ್ತರ ಬಾಯಿ ತೆರೆದದ್ದು ಕಂಡಿತು, ಮುಚ್ಚಿದ್ದೂ ಕಂಡಿತು. ಎಡಗೈಯನ್ನು ತೊಡೆಯ ಕೆಳಗೆ ತುರುಕಿ ಅದರ ಮೇಲೆ ಕೂತರು. ನಾನು ಕರೆಯಲು ಕೈ ಎತ್ತಿದರೆ, "ಬ್ಯಾಡ ಅಕ್ಕೋರೆ" ಎಂದು ಕಣ್ಣಲ್ಲೇ ಬೇಡಿದರು. ಅವಳು ಕೇಳಲಿಲ್ಲ. ಸಪ್ಪೆಯನ್ನೇ ನಾಲ್ಕು ತುತ್ತು ತಿಂದು ಎದ್ದು, ಚಪ್ಪರದ ಹಿಂದೆ ಹೋಗಿ ತನ್ನ ಬಾಟ್ಲಿಯ ಉಪ್ಪುನೀರು ಕುಡಿದಳು.

ಸಂಜೆಯ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದ ಮೇಲೆ ಅವರು ನನ್ನ ಕಡೆ ಬಾಗಿದರು.

"ಕೇಳ್ಲಿಲ್ಲ ನೋಡಿ."

"ಬಾಟ್ಲಿ ಇತ್ತಲ್ಲ ಮಾಸ್ತರೇ, ಕುಡಿದಳಲ್ಲ."

"ಬಾಟ್ಲಿ ನಾ ತುಂಬ್ಸಿದ್ದು. ನಾ ಪಕ್ಕಕ್ಕೆ ಕುಂತಿದ್ದೆ. ಗುಳಿಗೆ ತಕಣ್ತಾಳೆ, ಊದ್ತಾಳೆ, ಎಲ್ಲಾ ತಾನೇ ಮಾಡ್ಕಂತಾಳೆ. ನಾಕು ಜನರ ಎದ್ರಿಗೆ ನಂಗೆ ಇದು ಬೇಕು ಅಂತ ಕೇಳೂದು ಮಾತ್ರ ಬತ್ತಿಲ್ಲ. ನಾ ಇಲ್ದಿದ್ದ ದಿನ ಕೇಳ್ತಾಳಾ, ಹೇಳಿ?"

ಸುರಂಗ ಬಂತು, ಅವರ ಕೈ ಕಂಬಿಯ ಮೇಲೆ ಶುರುವಾಯಿತು. ಅಂದು ನಾನು ಗೊಣಗಲಿಲ್ಲ.

ಹತ್ತನೆಯ ಕ್ಲಾಸಿನಲ್ಲಿ ಅವಳು ಅಪ್ಪನ ಹತ್ತಿರ ಒಂದೇ ಒಂದು ವರ ಕೇಳಿದಳು. ನೀರಿನ ಸೀಟಿ ನಿಲ್ಲಿಸಬೇಕು. ಸೀಟಿ ಊದಿದ ಕೂಡಲೇ ಎಲ್ಲರೂ ತನ್ನ ಕಡೆ ನೋಡಿಯೇ ಬಾಟ್ಲಿ ಎತ್ತುತ್ತಾರೆ, ತನಗೆ ಹೊತ್ತು ಗೊತ್ತು ಎಂದಳು. ಅವರು ನಿಲ್ಲಿಸಿದರು. ನಿಲ್ಲಿಸಿದ ಮೊದಲ ದಿನ ಆ ಹೊತ್ತಿಗೆ ಸೀಟಿಯನ್ನು ಬಾಯಲ್ಲಿಟ್ಟುಕೊಂಡು, ಊದದೆ, ಮೈದಾನವನ್ನು ಸುತ್ತುತ್ತಲೇ ಇದ್ದರು. ನನ್ನ ಕ್ಲಾಸಿನ ಕಿಟಕಿಯಿಂದ ನೋಡುತ್ತಿದ್ದೆ. ಹಿಂದೆ ಗಟಗಟ ಸದ್ದು ಕೇಳಿ ತಿರುಗಿದೆ. ಸೀಟಿ ಇಲ್ಲದೆಯೇ ಇಡೀ ಕ್ಲಾಸು ನೀರು ಕುಡಿಯುತ್ತಿತ್ತು. ಅಭ್ಯಾಸ ಹೋಗಿರಲಿಲ್ಲ. ನನ್ನ ಪ್ರಮೇಯಗಳಿಗೆ ಬಿಡುಗಡೆ ಸಿಗಲೇ ಇಲ್ಲ.

ಅವಳು ಕಾರವಾರದ ಕಾಲೇಜು ಸೇರಿದ ಮೇಲೆ ಬಸ್ಸಿನಲ್ಲಿ ನಾವಿಬ್ಬರೇ. ಮಾಸ್ತರು ಐದೈದು ನಿಮಿಷಕ್ಕೆ ಫೋನು ತೆಗೆಯುವುದು, ಮಾಡದೆ ಒಳಗಿಡುವುದು. ಮಾಡಿದರೆ ಬೈಯುತ್ತಾಳೆ. ಬಿಡುವುದನ್ನು ಕಲಿಯುವುದು ಹಿಡಿಯುವುದಕ್ಕಿಂತ ಕಷ್ಟ ಎಂದು ನನ್ನಂಥವಳು ಉಪದೇಶ ಮಾಡಬಹುದಿತ್ತು. ಮಾಡಿದ್ದರೆ ಅವರು ಅವರ್ಸಾದಲ್ಲೇ ಇಳಿದು ನಡೆಯುತ್ತಿದ್ದರು.

ಅವರು ತೀರಿಕೊಂಡ ಮೂರನೆಯ ದಿನ ನಾನು ಶಿರವಾಡಕ್ಕೆ ಹೋದೆ. ಮಳೆ ನಿಂತು ಬಿಸಿಲು ಮತ್ತೆ ಕಚ್ಚುವ ಕಾಲ. ಜಗುಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂರಿಸಿದರು. ಸೂತಕದ ಮನೆ, ಬಂದವರಿಗೆ ನೀರೂ ಕೊಡುವಂತಿಲ್ಲ, ಬಂದವರು ಕೇಳುವಂತೆಯೂ ಇಲ್ಲ. ತೆರೆದ ಬಾಗಿಲಿನಿಂದ ಒಳಗೆ ಊಟಕ್ಕೆ ಕೂತ ಮನೆಯವರು ಕಾಣುತ್ತಿದ್ದರು. ಅವರ ಮನೆತನದಲ್ಲಿ ಹತ್ತು ದಿನ ಒಗ್ಗರಣೆಯಿಲ್ಲ, ಉಪ್ಪಿಲ್ಲ. ಅನ್ನ, ಬೇಯಿಸಿದ ಬೇಳೆ, ಅಷ್ಟೇ. ಮಾಸ್ತರ ಹೆಂಡತಿ ಒಳಕೋಣೆಯಲ್ಲಿ ಮಲಗಿದ್ದರು, ಎದ್ದು ಕೂರುವ ಶಕ್ತಿಯೂ ಇರಲಿಲ್ಲ. ಬಡಿಸುತ್ತಿದ್ದವರು ಕಿನ್ನರದ ಅತ್ತೆ. ತಮ್ಮನನ್ನು ಕಳೆದುಕೊಂಡ ಮುಖ, ಕಣ್ಣು ಎಲ್ಲೋ, ಕೈ ಎಲ್ಲೋ.

ಹುಡುಗಿ ಗೋಡೆಯ ಬದಿಗೆ ಕೂತಿದ್ದಳು. ತುಟಿ ಒಣಗಿ ಸಿಪ್ಪೆ ಎದ್ದಿತ್ತು. ಹಣೆಯ ಮೇಲೆ ಆ ಬಿಳಿ ಪುಡಿ. ಬಸ್ಸಿನಲ್ಲಿ ಅವಳು ಎದ್ದು ಮತ್ತೆ ಕೂತ ದಿನ ನೋಡಿದ್ದೆನಲ್ಲ, ಅದೇ. ಗುಳಿಗೆಯನ್ನು ಮಾತ್ರ ಮರೆಯದೆ ನುಂಗಿದಳು. ಅನ್ನಕ್ಕೆ ಕೈ ಹಾಕಿ ಸುಮ್ಮನೆ ಕಲಸುತ್ತಿದ್ದಳು. ಎದ್ದು ಹೋಗಿ ನಾನೇ ಹೇಳಿಬಿಡಲೇ? ಮೂರನೆಯವಳು, ಸೂತಕದ ಮನೆಯ ಊಟದಲ್ಲಿ ಬಾಯಿ ಹಾಕಲೇ? ಗೃಹಪ್ರವೇಶದ ಪಂಕ್ತಿ ನೆನಪಾಯಿತು. ನನಗೇ ತಿಳಿಯದೆ ಎಡಗೈಯನ್ನು ತೊಡೆಯ ಕೆಳಗೆ ತುರುಕಿದ್ದೆ.

"ಉಪ್ಪು" ಎಂದಳು ಅವಳು.

ದನಿ ಅಷ್ಟು ಸಣ್ಣದು. ಯಾರಿಗೂ ಕೇಳಿಸಲಿಲ್ಲ. ಅವಳು ತಲೆ ಎತ್ತಿದಳು.

"ನಂಗೆ ಉಪ್ಪು ಬೇಕು."

ಈ ಸಲ ಜಗುಲಿಯವರೆಗೂ ಕೇಳಿತು. ಪಂಕ್ತಿ ನಿಂತಿತು. ಮಾಸ್ತರ ದೊಡ್ಡಪ್ಪ, ಆ ಮನೆತನಕ್ಕೇ ಹಿರಿಯರು, ಕೈ ತಡೆದು ಸಮಾಧಾನದ ದನಿಯಲ್ಲೇ ಹೇಳಿದರು. "ಹತ್ತು ದಿನದ ಮಾತು ಕೂಸೇ. ಅಪ್ಪನ ಸಲುವಾಗಿ ಒಂಚೂರು ತಡಕ."

"ಬಾಬಾನ ಸಲುವಾಗೇ ಕೇಳ್ತಿದ್ದೆ ಅಜ್ಜ." ಅವಳು ತಟ್ಟೆಯಿಂದ ಕೈ ತೆಗೆದು ನೆಟ್ಟಗೆ ಕೂತಳು. "ಉಪ್ಪು ಬಿಟ್ರೆ ನನ್ನ ಕಿಡ್ನಿಗೆ ಪೆಟ್ಟಾಗ್ತದೆ. ಒಂದ್ಸಲ ಆಗ್ಯದೆ. ನೀವೆಲ್ಲ ಸಪ್ಪೆ ವ್ರತ ಮಾಡಿ, ನಂಗೆ ಆಗೂದಿಲ್ಲ. ಅತ್ತೆ, ಉಪ್ಪು ಹಾಕು."

ಅತ್ತೆ ಸೌಟು ಹಿಡಿದು ನಿಂತೇ ಇದ್ದರು. ಆಕೆ ದೊಡ್ಡಪ್ಪನ ಮುಖ ನೋಡಲಿಲ್ಲ. ಸೌಟು ಕೆಳಗಿಟ್ಟು ಅಡುಗೆಮನೆಯ ಒಳಗೆ ಹೋದರು. ಭರಣಿಯ ಮುಚ್ಚಳ ತೆಗೆದ ಸದ್ದಾಯಿತು. ವರ್ಷಗಳಿಂದ ಮುಟ್ಟದಿದ್ದ ಆ ಭರಣಿಯನ್ನು ಎರಡೂ ಕೈಯಲ್ಲಿ ಎದೆಗೆ ಅವಚಿ ತಂದು, ಅವಳ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಸಾಕನ?"

"ಇನ್ನೊಂಚೂರು ಹಾಕು."

ಹಾಕಿದರು. ಆಕೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ದೊಡ್ಡಪ್ಪ ತಮ್ಮ ಸಪ್ಪೆ ಅನ್ನಕ್ಕೆ ಕೈ ಹಾಕಿದರು. ಅವಳು ಕಲಸಿದ ಅನ್ನವನ್ನು ಪೂರ್ತಿ ಉಂಡಳು.

ಕೈ ತೊಳೆದು, ದೊಡ್ಡ ಚೊಂಬಿನಲ್ಲಿ ನೀರು ತುಂಬಿ, ಲಿಂಬು ಹಿಂಡಿ, ಉಪ್ಪು, ಸಕ್ಕರೆ ಹಾಕಿ ಕದಡುತ್ತ ಜಗುಲಿಗೆ ಬಂದಳು. ನನ್ನನ್ನು ನೋಡಿ ನಿಂತಳು. ಮೆಟ್ಟಿಲ ಮೇಲೆ ಕೂತು ಲೋಟಕ್ಕೆ ಬಗ್ಗಿಸಿಕೊಂಡಳು. ಒಬ್ಬಳೇ ಕುಡಿದರೆ ಅದು ಔಷಧಿ.

"ನನಗೂ ಒಂದು ಲೋಟ ಕೊಡೆ" ಎಂದೆ.

ಜಗುಲಿಯಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. ಅವಳು ನನ್ನ ಮುಖವನ್ನೇ ಒಂದು ಗಳಿಗೆ ದಿಟ್ಟಿಸಿ, ಒಳಗೆ ಹೋಗಿ ಇನ್ನೊಂದು ಲೋಟ ತಂದು ತುಂಬಿಸಿ ಕೊಟ್ಟಳು. ನಾವಿಬ್ಬರೂ ಕುಡಿದೆವು. ಉಪ್ಪು ಸರಿಯಾಗಿತ್ತು.